ಪಟ್ಟದ ಗೊಂಬೆಗಳಿಗೆ ತೊಡಿಸಿದ ಸ್ಟೈಲ್‌ಶೀಟ್

ಅದು ೨೦೨೪ನೆಯ ಇಸವಿ. ನನಗೆ ಆಗ ಐವತ್ತೆರಡು ವರ್ಷ. ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಕೆಲಸ ಬಿಟ್ಟ ಮೇಲೆ, ಒಂಟಿಕೊಪ್ಪಲಿನ ಮನೆಯ ಮುಂಗೋಣೆಯಲ್ಲಿ ಕುಳಿತು ಪ್ರಕಾಶಕರ ಕರಡು ತಿದ್ದುವುದು ನನ್ನ ಉದ್ಯೋಗವಾಗಿತ್ತು. ಆ ವರ್ಷದ ಶ್ರಾವಣದಿಂದ ವಿಜಯದಶಮಿಯವರೆಗೆ ಮಾತ್ರ ಕರಡುಗಳನ್ನು ಬದಿಗಿಟ್ಟು ಬೇರೊಂದು ವಿದ್ಯೆಯನ್ನು ಕಲಿತೆ. ಕಲೆಯ ಮೇಲಿನ ಪ್ರೀತಿಯಿಂದ ಕಲಿತದ್ದಲ್ಲ, ಜ್ಞಾನದ ಹಸಿವಿನಿಂದಲೂ ಅಲ್ಲ; ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂಬ ಹಟದಿಂದ ಕಲಿತದ್ದು. ಇದನ್ನು ಮೊದಲೇ ಹೇಳಿಬಿಡುವುದು ಓದುಗರಿಗೂ ನನಗೂ ಅನುಕೂಲ.

ನಮ್ಮ ಮನೆಯಿಂದ ಎರಡು ಬೀದಿಗಳ ಆಚೆ ಒಂದು ಹಳೆಯ ದೊಡ್ಡ ಮನೆಯಿದೆ. ಹಿಂದೆ ಅರಮನೆಯ ಊಳಿಗದಲ್ಲಿದ್ದ ಕುಟುಂಬದ್ದು. ಪ್ರತಿ ನವರಾತ್ರಿಯಲ್ಲಿ ಅದರ ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ, ಸುತ್ತಮುತ್ತಲಿನ ಹಲವು ಮನೆಗಳ ಗೊಂಬೆಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಊರಿನವರು ಅದನ್ನು ಗೊಂಬೆಮನೆ ಎಂದೇ ಕರೆಯುತ್ತಾರೆ. ಆ ಮನೆಯ ಯಜಮಾನಿಯವರ ಕೋರಿಕೆಯಂತೆ ನಾನು ಕೆಲವು ವರ್ಷಗಳಿಂದ ಗೊಂಬೆಗಳ ವಿವರ ಬರೆಯುತ್ತ ಬಂದಿದ್ದೆ: ಯಾವ ಗೊಂಬೆ ಯಾರ ಮನೆಯದು, ಯಾವ ಮರದ್ದು, ಯಾರ ಮದುವೆಯಲ್ಲಿ ಬಳುವಳಿಯಾಗಿ ಬಂದದ್ದು, ಯಾವ ಮೆಟ್ಟಿಲಿನಲ್ಲಿ ಯಾವುದರ ಪಕ್ಕ ಕೂರಬೇಕಾದದ್ದು. ಮನೆಮನೆಗೆ ಹೋಗಿ ಕೇಳಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಸರಿನೋಡಿ ಬರೆದದ್ದು.

ಇವೆಲ್ಲವನ್ನೂ ನಾನು ಇಟ್ಟಿದ್ದು ಸ್ವಂತ ವಿಕಿಯಲ್ಲಿ. ತಿಳಿಯದವರಿಗಾಗಿ ಹೇಳುತ್ತೇನೆ: ಇದು ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದೇ ಒಂದು ಕಡತ. ಅದರೊಳಗೆ ಚಿಕ್ಕ ಚಿಕ್ಕ ಟಿಪ್ಪಣಿಗಳು. ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ. ಒಬ್ಬನೇ ಬರೆದು ಒಬ್ಬನೇ ನೋಡಿಕೊಳ್ಳಲು ಮಾಡಿದ ಸಾಧನವಾದ್ದರಿಂದ ಅದರ ಸಹಜ ರೂಪ ಬಹಳ ಸಾಧಾರಣ: ಬಿಳಿಯ ಹಾಳೆ, ಬೂದು ಬಣ್ಣದ ಶೀರ್ಷಿಕೆ, ಸಣ್ಣ ಅಕ್ಷರ. ನನಗೆ ಅಷ್ಟು ಸಾಕಾಗಿತ್ತು. ಬರೆದದ್ದು ಸರಿಯಾಗಿದ್ದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ ಎಂದು ನಂಬಿದವನು ನಾನು.

ಶ್ರಾವಣದ ಒಂದು ಶನಿವಾರ ಯಜಮಾನಿಯವರು ಸಭೆ ಕರೆದರು. ಆ ವರ್ಷ ನಡುಮನೆಯಲ್ಲಿ ಬೆರಳಿನಿಂದ ಮುಟ್ಟಿ ನೋಡುವಂಥ ಒಂದು ದೊಡ್ಡ ಟಿವಿ ಪರದೆ ಇಟ್ಟು, ಬಂದವರಿಗೆ ಗೊಂಬೆಗಳ ವಿವರ ತೋರಿಸುವ ಆಲೋಚನೆಯಿತ್ತು. ಗೊಂಬೆ ಕೊಡುವ ಮನೆಗಳ ಹೆಂಗಸರು ಹದಿನೈದು ಮಂದಿಯಾದರೂ ಬಂದಿದ್ದರು. ಅಲಂಕಾರದ ಹೊಣೆ ಹೊತ್ತಿದ್ದವರು ಡ್ರಾಯಿಂಗ್ ಮೇಷ್ಟ್ರು. ನಾನು ಕೆಲಸ ಮಾಡಿದ ಶಾಲೆಯಲ್ಲೇ ಚಿತ್ರಕಲೆ ಹೇಳಿಕೊಡುತ್ತಿದ್ದವರು. ಶಾಲೆಯ ದಿನಗಳಿಂದಲೂ ಅವರಿಗೆ ಅಕ್ಷರವೆಂದರೆ ಹೂಬಳ್ಳಿಯ ನಡುವೆ ತುಂಬುವ ಒಂದು ಆಕಾರ. ನನಗೆ ಹೂಬಳ್ಳಿಯೆಂದರೆ ಅಕ್ಷರಕ್ಕೆ ಅಡ್ಡ ಬರುವ ಕಳೆ. ಈ ಕಾರಣಕ್ಕೆ ನಮ್ಮಲ್ಲಿ ಸ್ನೇಹವಿರಲಿಲ್ಲ, ಜಗಳವೂ ಇರಲಿಲ್ಲ. ವಿಕಿಯ ಒಂದು ಪ್ರತಿಯನ್ನು ಅವರು ಕೇಳಿದಾಗ ನಾನೇ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದೆ.

ಅವರು ಎದ್ದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನನ್ನ ವಿಕಿಯನ್ನು ಮೂಡಿಸಿದರು.

“ನೋಡಿ ಅಮ್ಮಾ, ಇದು ನಮ್ಮ ಪಂಡಿತರ ವಿಕಿ. ಗೊಂಬೆ ಹಬ್ಬವೋ ಕರೆಂಟ್ ಬಿಲ್ಲೋ, ನೀವೇ ಹೇಳ್ಬುಡಿ.”

ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ, “ಬಿಲ್ಲಲ್ಲಾದ್ರೂ ಅಕ್ಷರ ಬಿಡಿಬಿಡಿಯಾಗಿರ್ತದೆ ಕಣ್ರೀ” ಎಂದರು. ಇನ್ನೊಮ್ಮೆ ನಕ್ಕರು. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ ನೋಡಿದಾಗ, ಒಂದು ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟುಗಳ ಮೇಲೆ ಬಿದ್ದು ಒಂದಕ್ಕೊಂದು ಹೆಣೆದುಕೊಂಡಿದ್ದವು.

ಆಮೇಲೆ ತಮ್ಮದನ್ನು ತೋರಿಸಿದರು. ಕೆಂಪು ಹಿನ್ನೆಲೆ, ಚಿನ್ನದ ಬಣ್ಣದ ಬಳ್ಳಿ, ಪ್ರತಿ ಪುಟದಲ್ಲೂ ಅವರೇ ಬರೆದ ಗೊಂಬೆಯ ರೇಖಾಚಿತ್ರ. ಬಳ್ಳಿಗಳ ನಡುವೆ ನನ್ನ ವಾಕ್ಯಗಳು, ನನ್ನ ಅಲ್ಪವಿರಾಮಗಳ ಸಮೇತ. ಕೊನೆಯ ಪುಟದಲ್ಲಿ ‘ಬರಹ ಮತ್ತು ವಿನ್ಯಾಸ’ ಎಂದು ಬರೆದು, ಅದರ ಕೆಳಗೆ ಅವರೊಬ್ಬರದೇ ಹೆಸರು.

“ಬರಹ ನನ್ನದಲ್ಲವೆ?” ಎಂದೆ.

“ನಿಮ್ದೇ ಪಂಡಿತ್ರೇ, ಯಾರು ಇಲ್ಲ ಅಂದ್ರು? ಕೆಳಗಡೆ ನಿಮ್ಮ ಹೆಸ್ರೂ ಇತ್ತು. ಬಾರ್ಡರ್‌ಗೆ ತಾಗ್ತಿತ್ತು ನೋಡಿ, ಡಿಲೀಟ್ ಮಾಡ್ಬುಟ್ಟೆ. ಮುಖ ಚೆನ್ನಾಗಿಲ್ದಿದ್ರೆ ಹೆಸ್ರು ಕಟ್ಕೊಂಡು ಏನ್ ಮಾಡ್ತೀರಿ?”

ಮೂರನೆಯ ಬಾರಿಯ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಯಜಮಾನಿಯವರು ಮಾತ್ರ ನಗಲಿಲ್ಲ. ಎಪ್ಪತ್ತು ದಾಟಿದ ಅವರಿಗೆ ಯಾವ ಗಲಾಟೆಯನ್ನೂ ಬೆಳೆಯಲು ಬಿಡುವ ಅಭ್ಯಾಸವಿಲ್ಲ.

“ನೋಡಿ, ನನಗೆ ಈ ಜಗಳ ಬೇಡ. ಮಹಾಲಯ ಅಮಾವಾಸ್ಯೆ ದಿನ ಮೆಟ್ಟಿಲು ಕಟ್ತೀವಿ. ಅವತ್ತು ಇಬ್ಬರೂ ತಂದು ತೋರಿಸಿ. ಯಾವುದು ಚೆಂದವಾಗೂ ಇದ್ದು ಓದೋಕೂ ಆಗ್ತದೋ, ಅದು ನಡುಮನೇಲಿ ನಿಲ್ಲತ್ತೆ, ಅವರ ಹೆಸರಿರತ್ತೆ. ಆಯ್ತಾ?”

ಆಯಿತು ಎಂದೆ. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ಹೇಳಿ, ಅವರ ಅಂಗಳದಲ್ಲೇ ಅವರನ್ನು ಸೋಲಿಸುತ್ತೇನೆ ಎಂದೆ. ಆಕೆ ಹುರುಳಿಕಾಯಿ ಸೋಸುತ್ತಿದ್ದಳು.

“ಸೀರೆಗೆ ಬ್ಲೌಸ್ ಮ್ಯಾಚಿಂಗ್ ನೋಡ್ರೀ ಅಂದ್ರೆ ‘ಎರಡೂ ಬಟ್ಟೆಯೇ ತಾನೆ’ ಅಂದೋರು ನೀವು. ನೀವು ಬಣ್ಣದಲ್ಲಿ ಅವರನ್ನ ಸೋಲಿಸ್ತೀರಾ? ಬುಡಿ ಅತ್ಲಾಗೆ.”

ಬಿಡಲಿಲ್ಲ.

ವಿಕಿಯ ರೂಪವನ್ನು ಬದಲಿಸುವ ಕ್ರಮ ಕೇಳಲು ಸರಳ. ಹೊಸದೊಂದು ಟಿಪ್ಪಣಿ ತೆರೆದು, ಅದಕ್ಕೆ ಸ್ಟೈಲ್‌ಶೀಟ್ ಎಂಬ ಗುರುತು ಅಂಟಿಸಬೇಕು. ಆ ಟಿಪ್ಪಣಿಯಲ್ಲಿ ಬರೆದ ನಿಯಮಗಳೆಲ್ಲ ಇಡೀ ಕಡತದ ಉಡುಪಾಗುತ್ತವೆ. ನಿಯಮಗಳ ಭಾಷೆ ಸಿಎಸ್ಎಸ್. ಮೊದಲು ಯಾವುದಕ್ಕೆ ಅನ್ವಯಿಸಬೇಕು ಎಂಬುದು, ಆಮೇಲೆ ಪುಷ್ಪಾವರಣ ಎಂಬ ಬಾಗಿದ ಕಂಸದೊಳಗೆ ಯಾವ ಗುಣ, ಅದರ ಬೆಲೆ ಎಷ್ಟು ಎಂಬುದು, ಕೊನೆಯಲ್ಲಿ ಅರ್ಧವಿರಾಮ. ಸಾಮಾನ್ಯ ನಿಯಮವನ್ನು ವಿಶೇಷ ನಿಯಮ ಮೀರುತ್ತದೆ. ಎರಡು ಸಮಬಲದ ನಿಯಮಗಳು ಎದುರಾದರೆ ನಂತರ ಬಂದದ್ದು ಗೆಲ್ಲುತ್ತದೆ. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಇಂಥ ಶಾಸ್ತ್ರದಲ್ಲೇ ನಾನು ಬೆಳೆದವನು. ಡ್ರಾಯಿಂಗ್ ಮೇಷ್ಟ್ರು ಇದರ ಹೊಸ್ತಿಲನ್ನೂ ತುಳಿಯಲಾರರು ಎಂದುಕೊಂಡೆ.

ಆದರೆ ನಾನು ಬರೆದ ಮೊದಲ ನಿಯಮಗಳಿಂದ ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಅಕ್ಷರದ ಗಾತ್ರ ಹೆಚ್ಚಲಿಲ್ಲ, ಸಾಲಿನ ಅಂತರ ಹೆಚ್ಚಲಿಲ್ಲ. ಅರ್ಧವಿರಾಮಗಳನ್ನು ಎರಡು ಬಾರಿ ಎಣಿಸಿದೆ, ಆವರಣಗಳ ಜೋಡಿಯನ್ನು ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿತ್ತು. ಎರಡು ದಿನ ಹೀಗೆಯೇ ಹೋಯಿತು. ಬ್ರೌಸರಿನಲ್ಲಿ ತಪಾಸಣೆಯ ಫಲಕವೊಂದಿದೆ ಎಂದು ಮೂರನೆಯ ದಿನ ತಿಳಿದು, ತೆರೆದು ನೋಡಿದೆ. ನಾನು ಬರೆದ ಸಾಲುಗಳ ಮೇಲೆ ಅಡ್ಡಗೆರೆ ಎಳೆದಿತ್ತು, ಪಕ್ಕದಲ್ಲಿ ಹಳದಿ ಎಚ್ಚರಿಕೆಯ ತ್ರಿಕೋನ. ಜೀವಮಾನವಿಡೀ ಇತರರ ಸಾಲುಗಳ ಮೇಲೆ ಅಡ್ಡಗೆರೆ ಎಳೆದವನಿಗೆ ತನ್ನ ಸಾಲಿನ ಮೇಲೆ ಅದನ್ನು ಕಾಣುವುದು ಸುಖಕರವಲ್ಲ. ಕಾರಣ ಹೊಳೆದಾಗ ಕುರ್ಚಿಯಿಂದ ಎದ್ದು ನಿಂತೆ. ಗಾತ್ರವನ್ನು ನಾನು ‘೨೨’ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದೆ. ಕನ್ನಡದ ಕಡತದಲ್ಲಿ ಬೇರೆ ಅಂಕಿ ಬರೆಯುವುದು ನನ್ನ ಕೈಗೆ ಬರುವುದೇ ಇಲ್ಲ. ಬ್ರೌಸರಿಗೆ ಅದು ಸಂಖ್ಯೆಯೇ ಅಲ್ಲ.

ಒಂದು ಸಮಾಧಾನವೆಂದರೆ, ಅಂಕಿಗಳು ಇಂಗ್ಲಿಷಿನವೇ ಆಗಬೇಕಾದರೂ, ನಾವು ನಮ್ಮ ಭಾಗಗಳಿಗೆ ಇಡುವ ವರ್ಗನಾಮಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ‘ಮೆಟ್ಟಿಲು’, ‘ಗೊಂಬೆ’, ‘ವಿವರ’ ಎಂದು ಹೆಸರಿಟ್ಟೆ. ಬ್ರೌಸರು ತಕರಾರಿಲ್ಲದೆ ಒಪ್ಪಿತು.

ಸಾಲಿನ ಅಂತರವನ್ನು ಅಕ್ಷರದ ಎತ್ತರದ ಸುಮಾರು ಎರಡರಷ್ಟಕ್ಕೆ ತಂದ ಮೇಲೆ ಒತ್ತಕ್ಷರಗಳು ಬಿಡಿಸಿಕೊಂಡು ಉಸಿರಾಡಿದವು. ಶೀರ್ಷಿಕೆಗಳಿಗೆ ದಪ್ಪಕ್ಷರ ಕೊಟ್ಟಾಗ ಹೊಸ ತೊಂದರೆ ಎದುರಾಯಿತು. ನಾನು ಆರಿಸಿದ ಕನ್ನಡ ಫಾಂಟಿಗೆ ದಪ್ಪ ರೂಪವೇ ಇರಲಿಲ್ಲ. ಬ್ರೌಸರು ತಾನೇ ಗೆರೆಗಳನ್ನು ಹಿಗ್ಗಿಸಿ, ‘ಠ’ ‘ಥ’ ‘ಧ’ಗಳ ಒಳಗಿನ ಜಾಗವನ್ನೆಲ್ಲ ಮಸಿಯಿಂದ ಮೆತ್ತಿತು. ದಪ್ಪವನ್ನು ತೆಗೆದು ಗಾತ್ರವನ್ನು ಹೆಚ್ಚಿಸಿದೆ. ಅಕ್ಷರಗಳ ನಡುವೆ ಅಂತರ ಬಿಡುವ ಗುಣವೊಂದಿದೆ. ಇಂಗ್ಲಿಷ್ ಶೀರ್ಷಿಕೆಗಳಿಗೆ ಸೊಗಸು ಕೊಡುವಂಥದ್ದು. ಕನ್ನಡಕ್ಕೆ ತೊಡಿಸಿದಾಗ ಪದವೊಂದು ತನ್ನ ಮೈಯನ್ನು ತಾನೇ ಬಿಡಿಸಿಕೊಂಡು ನಿಂತಂತೆ ಕಂಡಿತು. ಅದನ್ನೂ ತೆಗೆದೆ. ತೆಗೆಯುತ್ತ ತೆಗೆಯುತ್ತಲೇ ಪುಟ ಮನುಷ್ಯರು ಓದುವಂತೆ ಆಯಿತು.

ಆ ವಾರಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ನನ್ನದೇ ಕೋಪ. ಯಾವುದೇ ನಿಯಮದ ಕೊನೆಯಲ್ಲಿ ‘ಇಂಪಾರ್ಟೆಂಟ್’ ಎಂದು ಸೇರಿಸಿದರೆ ಅದು ಉಳಿದೆಲ್ಲವನ್ನೂ ತುಳಿದು ಮೇಲೆ ನಿಲ್ಲುತ್ತದೆ. ವಿಕಿಯ ಹಳೆಯ ನಿಯಮಗಳು ನನ್ನ ಮಾತು ಕೇಳದಿದ್ದಾಗಲೆಲ್ಲ ಆ ಪದವನ್ನು ಮೊಳೆಯ ಹಾಗೆ ಹೊಡೆದೆ. ಹೊಡೆಯುವಾಗ ಡ್ರಾಯಿಂಗ್ ಮೇಷ್ಟ್ರ ಮುಖ ಕಣ್ಣೆದುರು ಇರುತ್ತಿತ್ತು. ಭಾದ್ರಪದದ ಹೊತ್ತಿಗೆ ನನ್ನ ಸ್ಟೈಲ್‌ಶೀಟಿನಲ್ಲಿ ನಾನೇ ಏನನ್ನೂ ಬದಲಿಸಲಾಗದ ಸ್ಥಿತಿ ಬಂದಿತು. ಪ್ರತಿಯೊಂದು ಸಾಲೂ ತಾನೇ ಮುಖ್ಯವೆಂದು ಕೂಗುತ್ತಿತ್ತು. ಇಡೀ ಸ್ಟೈಲ್‌ಶೀಟನ್ನು ಅಳಿಸಿ ಮೊದಲಿನಿಂದ ಬರೆದೆ. ಎರಡನೆಯ ಬಾರಿ ಆ ಪದವನ್ನು ಒಂದು ಕಡೆಯೂ ಬಳಸಲಿಲ್ಲ. ಕೋಪ ಕಡಿಮೆಯಾಗಿತ್ತೆಂದಲ್ಲ, ಅದನ್ನು ಸರಿಯಾದ ಜಾಗಕ್ಕೆ ಉಳಿಸಿಕೊಳ್ಳಬೇಕೆಂದು ತಿಳಿದಿತ್ತು.

ಬಣ್ಣದ ವಿಷಯದಲ್ಲಿ ಹೆಂಡತಿಯೇ ಪರೀಕ್ಷಕಳಾದಳು. ನಾನು ಗೊಂಬೆಗಳಿಂದಲೇ ಬಣ್ಣಗಳನ್ನು ಆರಿಸಿದ್ದೆ: ರಕ್ತಚಂದನದ ಕಂದುಗೆಂಪು, ಅರಗಿನ ಹಸಿರು, ಹಳೆಯ ಜರಿಯ ಮಂಕು ಹೊಂಬಣ್ಣ. ಹಿನ್ನೆಲೆಗೆ ಇಟ್ಟ ಬಣ್ಣವನ್ನು ನೋಡಿ ಆಕೆ, “ಇದು ನೆನ್ನೆಯ ಸಾರು” ಎಂದಳು. ಬದಲಿಸಿದೆ. “ಇದು ಆಸ್ಪತ್ರೆ ಗೋಡೆ.” ಬದಲಿಸಿದೆ. “ಹೂಂ, ಇದು ಪರವಾಗಿಲ್ಲ. ಇದೇನು, ನಮ್ಮಮ್ಮನ ರೇಷ್ಮೆ ಸೀರೆ ಒಡಲು ಇದ್ದಂಗಿದೆ?” ನಾನು ಅದನ್ನು ಅದೇ ಸೀರೆಯ ಫೋಟೋದಿಂದ ತೆಗೆದಿದ್ದೆ, ಹೇಳಲಿಲ್ಲ.

ನನ್ನ ವಿನ್ಯಾಸ ಇಷ್ಟು: ಪರದೆಯ ಮೇಲೆ ಮೆಟ್ಟಿಲುಗಳು, ಮೆಟ್ಟಿಲುಗಳಲ್ಲಿ ಗೊಂಬೆಗಳ ಚಿಕ್ಕ ಫೋಟೋಗಳು. ಮುಟ್ಟಿದರೆ ವಿವರ ತೆರೆದುಕೊಳ್ಳುತ್ತದೆ. ಅತಿ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಅಂದರೆ ರಾಜ ಮತ್ತು ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಆ ಮರದ ಜೋಡಿ ಇಲ್ಲದೆ ಮೈಸೂರಿನಲ್ಲಿ ಗೊಂಬೆ ಕೂರಿಸುವುದಿಲ್ಲ.

ಅಮಾವಾಸ್ಯೆಗೆ ಕೆಲವು ದಿನ ಮೊದಲು ಗೊಂಬೆಮನೆಗೆ ಹೋಗಿ ನನ್ನ ಲ್ಯಾಪ್‌ಟಾಪನ್ನು ಅಲ್ಲಿನ ಟಿವಿಗೆ ಜೋಡಿಸಿ ನೋಡಿದೆ. ಎರಡು ಕಂಬಗಳ ನಡುವೆ ಜಾಗ ಸಾಲದೆ ಟಿವಿಯನ್ನು ಉದ್ದುದ್ದವಾಗಿ, ಬಾಗಿಲಿನ ಹಾಗೆ ನಿಲ್ಲಿಸಿದ್ದರು. ಇದು ನನಗೆ ತಿಳಿದಿರಲಿಲ್ಲ. ಅಗಲ ಕಡಿಮೆಯಾದೊಡನೆ ನನ್ನ ಮೆಟ್ಟಿಲುಗಳು ಕುಗ್ಗಿದವು, ಹಿಡಿಸದ ಗೊಂಬೆಗಳು ಕೆಳಗಿನ ಸಾಲಿಗೆ ಜಾರಿದವು. ರಾಜ ಮೇಲಿನ ಮೆಟ್ಟಿಲಿನಲ್ಲಿ ಒಬ್ಬನೇ ಉಳಿದ. ರಾಣಿ ಕೆಳಗೆ ಬಂದು, ದಿನಸಿ ಅಂಗಡಿಯ ಶೆಟ್ಟಿ ಗೊಂಬೆಯ ಮಗ್ಗುಲಲ್ಲಿ ಕುಳಿತಳು.

ಯಜಮಾನಿಯವರು ಕಾಫಿ ಲೋಟ ಹಿಡಿದು ಬಂದವರು ಹಾಗೆಯೇ ನಿಂತರು.

“ಅಯ್ಯೋ ಪಂಡಿತ್ರೇ! ರಾಣೀನ ತಗೊಂಡ್ಹೋಗಿ ಶೆಟ್ರ ಅಂಗಡೀಲಿ ಕೂರಿಸ್ಬುಟ್ಟಿದ್ದೀರಲ್ಲ! ಜೋಡಿ ಒಡೀಬಾರದು ಕಣ್ರೀ, ಹಬ್ಬದ ಹೊತ್ತಲ್ಲಿ.”

ಡ್ರಾಯಿಂಗ್ ಮೇಷ್ಟ್ರು ಮೂಲೆಯಲ್ಲಿ ತೋರಣಕ್ಕೆ ಕಾಗದ ಕತ್ತರಿಸುತ್ತಿದ್ದರು. “ಬುಡಿ ಅಮ್ಮಾ, ರಾಣಿ ಅಕ್ಕಿ ಬೇಳೆ ತರೋಕೆ ಹೋಗವ್ಳೆ, ಬತ್ತಾಳೆ” ಎಂದರು. ಕತ್ತರಿ ಆಡಿಸುವುದನ್ನು ನಿಲ್ಲಿಸಲೂ ಇಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಆ ಕತ್ತರಿಯ ಸದ್ದು ಕೇಳುತ್ತಿತ್ತು. ಆದರೆ ಯಜಮಾನಿಯವರು ಬೇಸರದಲ್ಲಿ ಆಡಿದ ಮಾತು ನನಗೆ ನಿಯಮವಾಗಿ ಕೇಳಿಸಿತು: ಜೋಡಿ ಒಡೆಯಬಾರದು. ನಾನು ಪ್ರತಿ ಗೊಂಬೆಯನ್ನೂ ಬಿಡಿಯಾಗಿ ಎಣಿಸಿ ಸಾಲಿನಲ್ಲಿ ಇಟ್ಟಿದ್ದೆ. ರಾಜ ರಾಣಿಯರು ಎರಡು ಗೊಂಬೆಗಳಲ್ಲ, ಒಂದು ಜೋಡಿ. ಅವರಿಬ್ಬರನ್ನೂ ‘ಜೋಡಿ’ ಎಂಬ ವರ್ಗನಾಮದ ಒಂದೇ ಪೆಟ್ಟಿಗೆಯೊಳಗೆ ಸೇರಿಸಿ, ಆ ಪೆಟ್ಟಿಗೆಯೊಳಗೆ ಸಾಲು ಮುರಿಯಕೂಡದೆಂದು ಬರೆದೆ. ಶೆಟ್ಟಿ ಶೆಟ್ಟಮ್ಮನಿಗೂ ಹಾಗೆಯೇ. ಮದುಮಕ್ಕಳ ಗೊಂಬೆಗಳಿಗೂ ಹಾಗೆಯೇ. ಪರದೆ ಉದ್ದವಾಗಿ ನಿಂತಿದ್ದರೆ ಮೆಟ್ಟಿಲುಗಳ ಅಗಲ ಕುಗ್ಗಿ ಗೊಂಬೆಗಳು ಚಿಕ್ಕದಾಗಲಿ, ಆದರೆ ಮೆಟ್ಟಿಲು ಬಿಟ್ಟು ಇಳಿಯದಿರಲಿ ಎಂದು ಇನ್ನೊಂದು ನಿಯಮ. ಲ್ಯಾಪ್‌ಟಾಪಿನ ಕಿಟಕಿಯನ್ನು ಹಿಗ್ಗಿಸಿ ಕುಗ್ಗಿಸಿ, ಬೆರಳಗಲಕ್ಕೆ ತಂದು ನೋಡಿದೆ. ರಾಣಿ ಅಲುಗಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಅದೇ ಹೆಂಗಸರು ಸೇರಿದರು. ತೀರ್ಪಿಗೆ ಯಜಮಾನಿಯವರು ಒಂದು ವಿಧಾನ ಹುಡುಕಿದ್ದರು. ಅವರ ಅತ್ತಿಗೆ, ಎಂಬತ್ತೈದರ ಆಸುಪಾಸಿನವರು, ಕಿವಿ ಮಂದವಾದರೂ ದಿನಪತ್ರಿಕೆಯನ್ನು ಇಡಿಯಾಗಿ ಓದುವವರು. ಅವರನ್ನು ಪರದೆಯಿಂದ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ, “ಓದಿ ಅತ್ತಿಗೆ” ಎಂದರು.

ಡ್ರಾಯಿಂಗ್ ಮೇಷ್ಟ್ರ ಪುಟಗಳು ಮೊದಲು ಬಂದವು. ಅಡ್ಡಗಲಕ್ಕೆ ಮಾಡಿದ ಚಿತ್ರಗಳಾದ್ದರಿಂದ ಉದ್ದ ಪರದೆಯ ನಡುವೆ ಪಟ್ಟಿಯ ಹಾಗೆ ಕುಗ್ಗಿ ಕುಳಿತವು. “ಬಳ್ಳಿ ಚೆನ್ನಾಗಿದೆ” ಎಂದರು ಅತ್ತಿಗೆ. “ಅಕ್ಷರ ಎಲ್ಲಿ?”

“ಬಳ್ಳಿ ಮಧ್ಯದಲ್ಲಿದೆ ಅಮ್ಮಾ” ಎಂದರು ಡ್ರಾಯಿಂಗ್ ಮೇಷ್ಟ್ರು.

“ಇರ್ಬೋದು. ನನಗೆ ಸಿಕ್ತಿಲ್ಲ.”

ಆಮೇಲೆ ನನ್ನದು. ಅತ್ತಿಗೆ ರಾಜ ರಾಣಿಯರನ್ನು ನೋಡಿ ಕೈ ಮುಗಿದರು. ಪಟ್ಟದ ಗೊಂಬೆಗಳ ವಿವರ ತೆರೆದೆ. ಮೊದಲ ಪದದಿಂದ ಕೊನೆಯ ಪೂರ್ಣವಿರಾಮದವರೆಗೆ ಒಂದೂ ಕಡೆ ತಡವರಿಸದೆ ಓದಿದರು. ಅದು ಅವರದೇ ಮದುವೆಯಲ್ಲಿ ಬಂದ ಜೋಡಿಯ ವಿವರವೆಂದು ಓದುತ್ತ ಓದುತ್ತ ತಿಳಿದು ಅವರ ಧ್ವನಿ ಸ್ವಲ್ಪ ಗಟ್ಟಿಯಾಯಿತು. ಮುಗಿಸಿ, “ಮುಂದಿಂದು ತೆಗೀರಿ” ಎಂದರು. ತೀರ್ಪನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನಾನು ಡ್ರಾಯಿಂಗ್ ಮೇಷ್ಟ್ರ ಕಡೆ ತಿರುಗಿ, “ಕರೆಂಟ್ ಬಿಲ್ಲು ಓದಿದರು” ಎಂದೆ.

ಯಜಮಾನಿಯವರು ಮಾತ್ರ ಗೆದ್ದವನನ್ನೂ ಸುಮ್ಮನೆ ಬಿಡುವವರಲ್ಲ. “ಪಂಡಿತ್ರೇ, ನಿಮ್ಮದೇ ನಿಲ್ಲಲಿ. ಆದ್ರೆ ಫೋಟೋ ಬದಲು ಅವರ ಚಿತ್ರ ಹಾಕಿ. ಚಿತ್ರ ಅವರದು, ಬರಹ ನಿಮ್ಮದು. ಇಬ್ಬರ ಹೆಸರೂ ಹಾಕ್ಬುಡಿ, ಮುಗೀಲಿ.”

ಅವರ ಚಿತ್ರಗಳು ಚೆನ್ನಾಗಿದ್ದವು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಇದ್ದದ್ದನ್ನು ಇದ್ದಂತೆ ಬರೆಯಬೇಕು. ನಾಲ್ಕು ಗೆರೆಗಳಲ್ಲಿ ರಾಣಿಯ ತಲೆಯ ವಾಲು, ಶೆಟ್ಟಿಯ ಹೊಟ್ಟೆಯ ಜಂಬ ಬಂದಿದ್ದವು. ಸಂಜೆ ಅವುಗಳನ್ನು ಒಂದೊಂದಾಗಿ ವಿಕಿಗೆ ಸೇರಿಸಿದೆ. ಕೆಳಗೆ ‘ಬರಹ’ ಎಂದು ನನ್ನ ಹೆಸರು, ‘ಚಿತ್ರ’ ಎಂದು ಅವರ ಹೆಸರು ಟೈಪ್ ಮಾಡಿದೆ. ಅವರ ಹೆಸರಿನ ಸಾಲಿಗೆ ‘ಚಿತ್ರಕಾರ’ ಎಂಬ ವರ್ಗನಾಮ ಕೊಟ್ಟೆ. ಎರಡು ಹೆಸರೂ ಸಮವಾದ ಗಾತ್ರದಲ್ಲಿ ಅಕ್ಕಪಕ್ಕ ನಿಂತವು.

ನೋಡುತ್ತ ಕುಳಿತೆ. ಅವರು ನನಗೆ ಮಾಡಿದ್ದಕ್ಕೆ ಪ್ರತಿಯಾಗಿ ಸಮಗೌರವ ಪಡೆದು ಹಬ್ಬವಿಡೀ ನಡುಮನೆಯಲ್ಲಿ ನಿಲ್ಲುತ್ತಾರೆ. ‘ಡಿಲೀಟ್ ಮಾಡ್ಬುಟ್ಟೆ’ ಎಂದದ್ದಕ್ಕೆ ಒಂದು ಕ್ಷಮೆಯೂ ಇಲ್ಲದೆ. ಸ್ಟೈಲ್‌ಶೀಟನ್ನು ತೆರೆದು ಕೊನೆಯ ಸಾಲಿಗೆ ಹೋದೆ, ಏಕೆಂದರೆ ನಂತರ ಬಂದದ್ದೇ ಗೆಲ್ಲುವುದು. ‘ಚಿತ್ರಕಾರ’ ಎಂದು ಬರೆದು, ಆವರಣದೊಳಗೆ ‘ಡಿಸ್‌ಪ್ಲೇ: ನನ್’ ಎಂದು ಬರೆದೆ. ತೋರಿಸಬೇಡ ಎಂದರ್ಥ. ಒಂದು ಕ್ಷಣ ಯೋಚಿಸಿ, ಉಳಿಸಿಕೊಂಡಿದ್ದ ಆ ‘ಇಂಪಾರ್ಟೆಂಟ್’ ಎಂಬ ಪದವನ್ನೂ ಸೇರಿಸಿದೆ. ಅವರ ಹೆಸರು ಪರದೆಯಿಂದ ಮಾಯವಾಯಿತು. ಕಡತದಲ್ಲಿ ಇದ್ದೇ ಇತ್ತು. ಯಜಮಾನಿಯವರು ಹಾಕಿ ಎಂದಿದ್ದರು, ಹಾಕಿದ್ದೆ.

ಹಬ್ಬದ ಮೊದಲ ಸಂಜೆ ಡ್ರಾಯಿಂಗ್ ಮೇಷ್ಟ್ರು ಪರದೆಯ ಮುಂದೆ ಬಹಳ ಹೊತ್ತು ನಿಂತರು. ಮೇಲೆ ಕೆಳಗೆ ಸರಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಪಂಡಿತ್ರೇ, ನನ್ನ ಹೆಸ್ರು?”

“ಇದೆ. ನನ್ನ ಕೈಯಾರೆ ಟೈಪ್ ಮಾಡಿದ್ದೇನೆ.”

“ಕಾಣ್ತಿಲ್ವಲ್ಲ?”

“ಕಾಗುಣಿತವನ್ನೂ ಎರಡು ಸಲ ನೋಡಿದ್ದೇನೆ” ಎಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ಯಜಮಾನಿಯವರಿಗೆ ದೂರು ಕೊಡಲು ಅವರಿಗೆ ಆಗುತ್ತಿರಲಿಲ್ಲ. ಕೊಟ್ಟರೆ ಹೆಸರು ಅಳಿಸಿದ ಹಳೆಯ ಮಾತು ಮೇಲೇಳುತ್ತಿತ್ತು. ಇದನ್ನು ನಾನು ಲೆಕ್ಕ ಹಾಕಿಯೇ ಇದ್ದೆ.

ಸರಸ್ವತಿ ಪೂಜೆಯ ದಿನ ಅವರು ಇಬ್ಬರು ಅತಿಥಿಗಳನ್ನು ಕರೆತಂದರು. ಮಗಳಿಗೆ ಗೊತ್ತಾಗಿದ್ದ ಹುಡುಗನ ತಂದೆತಾಯಿ, ಕುಂಬಾರಕೊಪ್ಪಲಿನವರು. ನಾನು ಕಂಬದ ಪಕ್ಕದಲ್ಲೇ ಇದ್ದೆ. ಆ ಬೀಗರು ಒಂದೊಂದು ಚಿತ್ರವನ್ನೂ ಮುಟ್ಟಿ ಮೆಚ್ಚಿ, ಕೊನೆಗೆ ಕೆಳಗೆ ಬಂದು ನಿಂತರು.

“ಎಲ್ಲ ನಿಮ್ದೇ ಚಿತ್ರ ಅಂದ್ರಿ. ಇಲ್ಲಿ ಬೇರೆಯವ್ರ ಹೆಸ್ರು ಐತಲ್ಲ ಸಾ?”

“ಅದು ಬರೆದವರ್ದು. ನಂದು... ಇನ್ನೂ ಹಾಕ್ಬೇಕು. ಹಾಕ್ತಾರೆ.”

“ಅಂಗಾ?” ಎಂದರು ಬೀಗರು. ಆ ‘ಅಂಗಾ’ದಲ್ಲಿ ನಂಬಿಕೆ ಇರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ನನ್ನತ್ತ ನೋಡಿದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಶ್ರಾವಣದ ಆ ಶನಿವಾರ ‘ನಿಮ್ಮ ಹೆಸ್ರು ಮತ್ತೆ ಹಾಕ್ತೀನಿ’ ಎಂಬ ಒಂದು ಮಾತನ್ನು ಅವರೂ ಆಡಿರಲಿಲ್ಲ. ಅವರ ಕಿವಿಗಳು ಕೆಂಪಾಗುವುದನ್ನು ಕಂಡೆ; ಅಂದು ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ.

ವಿಜಯದಶಮಿ ಬಂದಿತು. ಜಂಬೂಸವಾರಿ ಮುಗಿದು, ಊರಿನ ಅರ್ಧ ಜನ ಪಂಜಿನ ಕವಾಯತಿಗೆಂದು ಬನ್ನಿಮಂಟಪದ ಕಡೆ ಹೊರಟ ಹೊತ್ತಿಗೆ, ಗೊಂಬೆಮನೆಯಲ್ಲಿ ಹೆಂಗಸರು ಆರತಿಗೆ ಸೇರಿದರು. ಆ ಸಂಜೆ ಪಟ್ಟದ ಗೊಂಬೆಗಳನ್ನು ಮೆಟ್ಟಿಲಿನ ಮೇಲೆಯೇ ಮಲಗಿಸುತ್ತಾರೆ. ಮಲಗಿಸಿದ ಮೇಲೆಯೇ ಹಬ್ಬ ಮುಗಿಯಿತೆಂದು ಲೆಕ್ಕ. ಮಾರನೆಯ ದಿನ ಉಳಿದವನ್ನು ಇಳಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಯಜಮಾನಿಯವರು ರಾಜನನ್ನು ಎತ್ತಿಕೊಂಡವರು ಪರದೆಯ ಕಡೆ ನೋಡಿ ನಿಂತರು.

“ಪಂಡಿತ್ರೇ, ಇಲ್ಲಿರೋರನ್ನೂ ಮಲಗಿಸ್ಬೇಕಲ್ರೀ! ಇವರು ಮಲಗಿ ಅವರು ನಿಂತಿದ್ರೆ ಎಂಥಾ ಚೆಂದ?”

ಕೆಲಸ ಸುಲಭದ್ದು. ಅತಿ ಮೇಲಿನ ಮೆಟ್ಟಿಲಿನ ‘ಜೋಡಿ’ಯ ಚಿತ್ರಗಳನ್ನು ಮಾತ್ರ ತೊಂಬತ್ತು ಡಿಗ್ರಿ ತಿರುಗಿಸುವ ಒಂದು ನಿಯಮ ಸಾಕು. ಉತ್ಸಾಹದಿಂದ ಲ್ಯಾಪ್‌ಟಾಪಿನ ಮುಂದೆ ಕುಳಿತು ಸ್ಟೈಲ್‌ಶೀಟಿನ ಟಿಪ್ಪಣಿ ತೆರೆದೆ, ಹೊಸ ನಿಯಮ ಬರೆಯಲು ಕೊನೆಗೆ ಹೋದೆ. ಲ್ಯಾಪ್‌ಟಾಪಿನಲ್ಲಿ ತೆರೆದದ್ದು ಆ ದೊಡ್ಡ ಪರದೆಯ ಮೇಲೂ ತೆರೆಯುತ್ತದೆಂಬುದು ಆ ಗಳಿಗೆಯಲ್ಲಿ ಮನಸ್ಸಿಗೆ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳ ನಡುವೆ ಕನ್ನಡದ ಒಂದು ಪದ ಎಲ್ಲರಿಗೂ ಕಾಣುವಂತೆ ಎದ್ದು ನಿಂತಿತ್ತು.

“ಪಂಡಿತ್ರೇ” ಎಂದರು ಡ್ರಾಯಿಂಗ್ ಮೇಷ್ಟ್ರು ಹಿಂದಿನಿಂದ. “ಅಲ್ಲಿ ‘ಚಿತ್ರಕಾರ’ ಅಂತಿದೆ. ಮುಂದೆ ‘ನನ್’ ಅಂತಿದೆಯಲ್ಲ, ಏನದು?”

ಬೇರೆ ಏನನ್ನಾದರೂ ಹೇಳಬಹುದಿತ್ತು. ಅಲ್ಲಿದ್ದ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ.

“ನಿಮ್ಮ ಹೆಸರು ಕಾಣದ ಹಾಗೆ ಮಾಡುವ ಸಾಲು” ಎಂದೆ.

ಆರತಿಯ ಹಾಡು ನಿಂತಿತು.

“ಇಷ್ಟೇನಾ? ಒಂದು ಸಾಲು! ಹಬ್ಬ ಪೂರ್ತಿ ಕನ್ನಡಕ ಒರೆಸ್ಕೊಂಡು ಒರೆಸ್ಕೊಂಡು ನೋಡಿದ್ದೀನಲ್ರೀ! ಬೀಗರ ಮುಂದೆ ನನ್ನ ಮಾನ ಕಳೆದ್ರಲ್ಲ, ಮನುಷ್ಯರೇನ್ರೀ ನೀವು?”

“ನನಗೆ ಒಂದು ಸಾಲು ಬೇಕಾಯಿತು. ನಿಮಗೆ ಅದೂ ಬೇಕಾಗಲಿಲ್ಲ, ಒಂದು ಗುಂಡಿ ಒತ್ತಿದಿರಿ. ಒತ್ತಿ, ಇವರೆಲ್ಲರ ಮುಂದೆ ಹೇಳಿಕೊಂಡು ನಕ್ಕಿರಿ. ನಾನು ನಿಮ್ಮ ಹೆಸರನ್ನು ಮುಚ್ಚಿದ್ದೇನೆ, ಸರ್. ನೀವು ನನ್ನದನ್ನು ಅಳಿಸಿದಿರಿ.”

ಯಜಮಾನಿಯವರು ರಾಜನನ್ನು ಎದೆಗಾನಿಸಿಕೊಂಡೇ ಇದ್ದರು. “ಇಬ್ಬರೂ ಇಸ್ಕೂಲು ಬಿಟ್ರಿ, ಇಸ್ಕೂಲು ನಿಮ್ಮನ್ನ ಬಿಡಲಿಲ್ಲ. ಡ್ರಾಯಿಂಗ್ ಮೇಷ್ಟ್ರೇ, ಆ ಬರಹ ಯಾರ್ದು? ಹೇಳ್ಬುಡಿ. ಗೊಂಬೆ ನಿದ್ದೆಗೆ ಕಾಯ್ತಿದೆ.”

ಅವರು ನೆಲ ನೋಡುತ್ತ, “ಅವರ್ದೇ ಕಣಮ್ಮ” ಎಂದು ಗೊಣಗಿದರು.

“ಏನಂದ್ರು?” ಎಂದು ಕುರ್ಚಿಯಿಂದ ಅತ್ತಿಗೆ ಕೇಳಿದರು. ಅವರಿಗೆ ಕಿವಿ ಮಂದ.

“ಬರಹ ಪಂಡಿತರದು ಅಂದೆ ಅಮ್ಮಾ!”

“ಕೇಳಿಸ್ಲಿಲ್ಲಪ್ಪ.”

“ಬರಹ ಪೂರ್ತಿ ಪಂಡಿತರದು! ಒಂದಕ್ಷರಾನೂ ನಂದಲ್ಲ! ಅವರ ಹೆಸ್ರು ಅಳಿಸಿದ್ದು ನಾನೇ!” ಈ ಬಾರಿ ಬೀದಿಗೂ ಕೇಳಿಸಿರಬೇಕು. ಯಾರೂ ನಗಲಿಲ್ಲ. ನಗದಿದ್ದುದು ನನಗೆ ಸ್ವಲ್ಪ ನಿರಾಶೆಯನ್ನೇ ಉಂಟುಮಾಡಿತು.

ನಾನು ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಸಿಎಸ್ಎಸ್‌ನಲ್ಲಿ ಒಂದು ಸಾಲಿನ ಮುಂದೆಯೂ ಹಿಂದೆಯೂ ಓರೆಗೆರೆ ಮತ್ತು ನಕ್ಷತ್ರದ ಗುರುತು ಹಾಕಿದರೆ, ಆ ಸಾಲು ಬರೆದಲ್ಲೇ ಉಳಿಯುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಹಾಗೆ ಗುರುತು ಹಾಕಿ ಉಳಿಸಿದೆ. ಮೆಟ್ಟಿಲುಗಳ ಕೆಳಗೆ, ನನ್ನ ಹೆಸರಿನ ಪಕ್ಕದಲ್ಲಿ, ಅವರ ಹೆಸರು ಮೂಡಿತು. ಆಮೇಲೆ ಜೋಡಿಯನ್ನು ತಿರುಗಿಸುವ ನಿಯಮ ಬರೆದೆ. ಪರದೆಯ ರಾಜ ರಾಣಿಯರು ಮಲಗಿದರು.

ಡ್ರಾಯಿಂಗ್ ಮೇಷ್ಟ್ರು ನನ್ನ ಹೆಗಲ ಹಿಂದೆಯೇ ನಿಂತು ನೋಡುತ್ತಿದ್ದರು.

“ಆ ಸಾಲು ಇನ್ನೂ ಅಲ್ಲೇ ಇದೆಯಲ್ಲ ಪಂಡಿತ್ರೇ. ಪೂರ್ತಿ ಅಳಿಸ್ಬುಡಿ.”

“ಇಲ್ಲ, ಸರ್” ಎಂದೆ. “ಅಳಿಸುವುದು ನನ್ನ ಪದ್ಧತಿಯಲ್ಲ.”

ಆ ಸಾಲು ಆ ಎರಡು ಗುರುತುಗಳ ನಡುವೆ ಇಂದಿಗೂ ಹಾಗೆಯೇ ಇದೆ. ಅವರ ಹೆಸರು ನಡುಮನೆಯ ಪರದೆಯ ಮೇಲೆ ಕಾಣಿಸಿಕೊಂಡದ್ದು ೨೦೨೪ನೆಯ ಇಸವಿ ಅಕ್ಟೋಬರ್ ೧೨, ಶನಿವಾರ.